ಮೊಣಕಾಲು ಬದಲಾಯಿತು, ನಿದ್ದೆ ಎಲ್ಲಿ ಹೋಯಿತು?

ಮೊಣಕಾಲಿನ ಕೀಲು ಬದಲಿಸಿಕೊಂಡವರು ಮತ್ತು ಅವರ ಮನೆಯವರು ಬರೆದ ಪತ್ರಗಳು ಈ ಸಲ ಹೆಚ್ಚು ಬಂದಿವೆ. ರಾಯಚೂರು, ದೇವದುರ್ಗ, ಮಾನ್ವಿ, ಎಲ್ಲ ಕಡೆಯಿಂದಲೂ ಒಂದೇ ಅಳಲು: ರಾತ್ರಿ ನಿದ್ದೆ ಇಲ್ಲ. ಆಪರೇಷನ್‌ಗೆ ಮುಂಚೆ ಗಾಯ, ಖರ್ಚು, ನಡಿಗೆ ಎಲ್ಲದರ ಬಗ್ಗೆ ಮಾತಾಗುತ್ತದೆ. ರಾತ್ರಿಗಳು ಹೇಗಿರುತ್ತವೆ ಎಂದು ಯಾರೂ ಹೇಳಿರುವುದಿಲ್ಲ. ಹೇಳಿದ್ದರೆ ಅರ್ಧ ಭಯ ಅಲ್ಲಿಗೇ ಕಡಿಮೆಯಾಗುತ್ತಿತ್ತು.

“ನನಗೆ 64 ವರ್ಷ, ನಿವೃತ್ತ ಶಿಕ್ಷಕಿ. ಬಲ ಮೊಣಕಾಲಿನ ಕೀಲು ಬದಲಿಸಿ ಐದು ವಾರವಾಯಿತು. ಹಗಲು ವಾಕರ್ ಹಿಡಿದು ಓಡಾಡುತ್ತೇನೆ, ವ್ಯಾಯಾಮ ತಪ್ಪಿಸಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮುಗಿಯಿತು, ಕಾಲು ಎಲ್ಲಿಟ್ಟರೂ ಸಮಾಧಾನವಿಲ್ಲ. ನಮ್ಮ ಓಣಿಯವರೊಬ್ಬರಿಗೆ ಹದಿನೈದೇ ದಿನಕ್ಕೆ ಆರಾಮಾಯಿತಂತೆ. ನನ್ನ ಆಪರೇಷನ್ ಕೆಟ್ಟಿದೆಯೇ?”
– ರಾಯಚೂರು ನಗರದ ಓದುಗರು

ಇಲ್ಲ, ತಾಯಿ. ಹಗಲು ನಡೆಯುತ್ತಿದ್ದೀರಿ, ವ್ಯಾಯಾಮ ಮಾಡುತ್ತಿದ್ದೀರಿ. ಜ್ವರವಾಗಲಿ, ಗಾಯದಿಂದ ಸೋರುವುದಾಗಲಿ ನಿಮ್ಮ ಪತ್ರದಲ್ಲಿಲ್ಲ. ರಾತ್ರಿ ಎಚ್ಚರವಾಗುವುದೊಂದರಿಂದ ಆಪರೇಷನ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಈ ಶಸ್ತ್ರಚಿಕಿತ್ಸೆಯ ನಂತರ ಮೊದಲ ಆರು ವಾರ ನಿದ್ದೆ ತುಂಡು ತುಂಡಾಗುವುದು ತೀರಾ ಸಾಮಾನ್ಯ. ಬಹಳ ಜನರಿಗೆ ಮೂರು ತಿಂಗಳ ಹೊತ್ತಿಗೆ ಸರಿಹೋಗುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ತಡವಾಗುತ್ತದೆ. ಓಣಿಯವರ ಲೆಕ್ಕವನ್ನು ನಿಮ್ಮ ಕಾಲಿಗೆ ಹಚ್ಚಬೇಡಿ.

ರಾತ್ರಿಯೇ ಏಕೆ ಹೆಚ್ಚು ಎಂಬುದಕ್ಕೆ ಕಾರಣಗಳಿವೆ. ಹೊಸ ಕೀಲು ಕೂಡಿಸಲು ಚರ್ಮ, ಸ್ನಾಯು, ಕೀಲಿನ ಸುತ್ತಲ ಚೀಲ, ಎಲುಬಿನ ತುದಿ ಎಲ್ಲವನ್ನೂ ಕತ್ತರಿಸಿರುತ್ತಾರೆ. ಅದು ಮಾಯುವಾಗ ಒಳಗೆ ಉರಿಯೂತ (ಗಾಯ ಮಾಯಿಸಲು ದೇಹ ತಂದುಕೊಳ್ಳುವ ಬಾವು, ಬಿಸಿ, ನೋವು) ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವ ಕಾರ್ಟಿಸಾಲ್ (ದೇಹವೇ ತಯಾರಿಸುವ ಹಾರ್ಮೋನು) ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ ಮಟ್ಟಕ್ಕೆ ಇಳಿಯುತ್ತದೆ. ಹಗಲೆಲ್ಲ ಓಡಾಡಿದ್ದಕ್ಕೆ ಸಂಜೆಗೆ ಬಾವು ಏರಿರುತ್ತದೆ. ಎರಡು ಮೂರು ಗಂಟೆ ಅಲುಗಾಡದೆ ಮಲಗಿದ ಕಾಲು ಬಿಗಿಯುತ್ತದೆ. ಜೊತೆಗೆ ಹಗಲಿನ ಮಾತುಕತೆ ನಿಂತು ಮನಸ್ಸಿಗೆ ಗಮನ ಕೊಡಲು ಆ ಮೊಣಕಾಲು ಒಂದೇ ಉಳಿಯುತ್ತದೆ. ನಿದ್ದೆಗೆಟ್ಟವರಿಗೆ ಮರುದಿನ ಅದೇ ನೋವು ಇನ್ನಷ್ಟು ಜೋರೆನಿಸುತ್ತದೆ, ಆ ನೋವು ಮತ್ತೆ ರಾತ್ರಿಯನ್ನು ಕೆಡಿಸುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು.

ಮೊದಲು ಮಾತ್ರೆಯ ಹೊತ್ತು ನೋಡಿ. ಬಹಳ ಜನ ನೋವಿನ ಮಾತ್ರೆಯನ್ನು ಎಂಟು ಗಂಟೆಗೆ ಊಟದ ಜೊತೆ ನುಂಗಿ ಹನ್ನೊಂದಕ್ಕೆ ಮಲಗುತ್ತಾರೆ. ಪ್ಯಾರಸಿಟಮಾಲ್‌ನಂಥ ಮಾತ್ರೆಯ ಪ್ರಭಾವ ನಾಲ್ಕರಿಂದ ಆರು ಗಂಟೆ. ಅಂದರೆ ನಡುರಾತ್ರಿ ದಾಟಿ ಒಂದೆರಡು ಗಂಟೆಯೊಳಗೆ ಅದು ಇಳಿದಿರುತ್ತದೆ. ನಿಮ್ಮ ಎಚ್ಚರದ ಹೊತ್ತೂ ಅದೇ ಅಲ್ಲವೇ? ರಾತ್ರಿಯ ಮಾತ್ರೆಯನ್ನು ಮಲಗುವ ಅರ್ಧ ಮುಕ್ಕಾಲು ಗಂಟೆ ಮುಂಚೆಗೆ ಸರಿಸಬಹುದೇ ಎಂದು ನಿಮ್ಮ ಸರ್ಜನ್‌ರನ್ನು ಕೇಳಿ. ಒಟ್ಟು ಪ್ರಮಾಣವನ್ನು ನೀವಾಗಿಯೇ ಹೆಚ್ಚಿಸಬೇಡಿ. ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆಗಳು ಬಹಳಷ್ಟು ಸಲ ಪ್ಯಾರಸಿಟಮಾಲ್ ಸೇರಿಯೇ ಬರುತ್ತವೆ. ಚೀಟಿ ಓದದೆ ಎರಡನ್ನೂ ನುಂಗಿದರೆ ಪ್ಯಾರಸಿಟಮಾಲ್ ದುಪ್ಪಟ್ಟಾಗಿ ಯಕೃತ್ತಿಗೆ (ಲಿವರ್‌ಗೆ) ಪೆಟ್ಟು.

ಎರಡನೆಯದು ದಿಂಬು. ಮೊಣಕಾಲಿನ ಕೆಳಗೆ ದಿಂಬಿಟ್ಟರೆ ಆ ಕ್ಷಣಕ್ಕೆ ಹಿತ ಎನಿಸುತ್ತದೆ, ನಿಜ. ಆದರೆ ರಾತ್ರಿಯೆಲ್ಲ ಮಡಚಿದ ಕಾಲು ವಾರಗಳಲ್ಲಿ ಹಾಗೆಯೇ ಗಟ್ಟಿಯಾಗುತ್ತದೆ. ಆಮೇಲೆ ಪೂರ್ತಿ ನೇರ ಮಾಡಲು ಬರುವುದಿಲ್ಲ, ನಡಿಗೆ ಕುಂಟುತ್ತದೆ. ದಿಂಬನ್ನು ಮೀನಖಂಡ ಮತ್ತು ಹಿಮ್ಮಡಿಯ ಕೆಳಗೆ ಇಡಿ. ಮೊಣಕಾಲು ನೇರವಾಗಿ, ಕಾಲು ಎದೆಯ ಮಟ್ಟಕ್ಕಿಂತ ತುಸು ಮೇಲಿರಲಿ. ಮಗ್ಗುಲಾಗಿ ಮಲಗಿ ರೂಢಿಯಾದವರಿಗೆ ಅಂಗಾತ ಮಲಗುವುದೇ ಶಿಕ್ಷೆ. ಸರ್ಜನ್ ಒಪ್ಪಿದರೆ ಎಡಮಗ್ಗುಲಿಗೆ, ಅಂದರೆ ಆಪರೇಷನ್ ಆಗದ ಕಡೆಗೆ, ಎರಡೂ ಕಾಲುಗಳ ನಡುವೆ ತೊಡೆಯಿಂದ ಪಾದದವರೆಗೆ ಉದ್ದದ ದಿಂಬಿಟ್ಟು ಮಲಗಿ.

ಮಲಗುವ ಮುಂಚೆ ಟವೆಲಿನಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. “ಗಾಯಕ್ಕೆ ಥಂಡಿ ತಾಗಬಾರದು” ಎಂದು ನಮ್ಮ ಕಡೆ ಹಿರಿಯರು ತಡೆಯುತ್ತಾರೆ. ಬಾಣಂತಿಗೆ ಬಿಸಿ ಮಾಡಿದವರ ಕಾಳಜಿ ಅದು, ಅವರಿಗೆ ನೋಯುವಂತೆ ಮಾತಾಡಬೇಡಿ. ಆದರೂ ಮೊದಲ ವಾರಗಳಲ್ಲಿ ಬಿಸಿ ಶಾಖ ಬಾವನ್ನು ಹೆಚ್ಚಿಸುತ್ತದೆ, ತಂಪು ಇಳಿಸುತ್ತದೆ. ಚರ್ಮಕ್ಕೆ ನೇರವಾಗಿ ಐಸ್ ತಾಗಬಾರದು ಅಷ್ಟೇ. ಗಾಯದ ಮೇಲೆ ಎಣ್ಣೆ ಮಸಾಜು ಬೇಡ.

ಎರಡು ಗಂಟೆಗೆ ಎಚ್ಚರವಾದರೆ ಗಡಿಯಾರ ನೋಡುತ್ತ ಮಲಗಿರಬೇಡಿ. ಪಾದವನ್ನು ಮುಂದಕ್ಕೂ ಹಿಂದಕ್ಕೂ ಇಪ್ಪತ್ತು ಸಲ ಆಡಿಸಿ, ತೊಡೆ ಬಿಗಿದು ಬಿಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ದೀಪ ಹಾಕಿ, ವಾಕರ್ ಹಿಡಿದು ಕೋಣೆಯಲ್ಲೇ ನಾಲ್ಕು ಹೆಜ್ಜೆ ನಡೆದು, ಕುರ್ಚಿಯ ಮೇಲೆ ಕೂತು ಏನಾದರೂ ಓದಿ. ಕಣ್ಣು ಎಳೆದಾಗ ಮತ್ತೆ ಮಲಗಿ. ಮೊಬೈಲ್ ಮಾತ್ರ ಮುಟ್ಟಬೇಡಿ.

ಯಾವಾಗ ಕಾಯಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಜ್ವರ, ಗಾಯದಿಂದ ಸೋರುವುದು, ದಿನದಿಂದ ದಿನಕ್ಕೆ ಹಬ್ಬುವ ಕೆಂಪು, ಇಳಿಯುತ್ತಿದ್ದ ನೋವು ತಿರುಗಿ ಏರುವುದು, ಇವುಗಳಿದ್ದರೆ ಅದೇ ದಿನ ಸರ್ಜನ್‌ರಿಗೆ ತೋರಿಸಿ. ಮೀನಖಂಡ ಒಂದೇ ಕಡೆ ಊದಿ, ಒತ್ತಿದರೆ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಅದಕ್ಕೂ ಬೆಳಗಾಗುವವರೆಗೆ ಕಾಯುವುದು ಬೇಡ. ದಿಢೀರನೆ ಉಸಿರುಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

“ನಮ್ಮ ಅತ್ತೆಗೆ 60. ಮೂವತ್ತು ವರ್ಷ ನಾಟಿ ಹಚ್ಚಿ ಮೊಣಕಾಲು ಸವೆದು, ಈಗ ಬದಲಿಸಿ ಎರಡು ತಿಂಗಳು. ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗುವವರು. ಒಳಗೆ ಮಲಗಿದರೆ ಅವರಿಗೆ ಕುದಿ, ನಿದ್ದೆ ಇಲ್ಲ. ಮೇಲೆ ಕರೆದೊಯ್ಯಬಹುದೇ? ಅಂಗಳದಲ್ಲಿ ಹೊರಸು ಹಾಕಿ ಮಲಗಿಸಿದರೆ ಬೆಳಿಗ್ಗೆ ಕಾಲು ನೋವು ಎನ್ನುತ್ತಾರೆ.”
– ಮಾನ್ವಿ ತಾಲ್ಲೂಕಿನ ಓದುಗರು

ನಿಮ್ಮ ಅತ್ತೆಯ ಕಷ್ಟ ನನಗೆ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆ 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಸಿಮೆಂಟ್ ಛತ್ತು ನಡುರಾತ್ರಿಯವರೆಗೂ ಶಾಖ ಕಾರುತ್ತದೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಶಾಖ ತುಸು ಇಳಿಯಲೇಬೇಕು. ಅವರು ಹಟ ಮಾಡುತ್ತಿಲ್ಲ, ಸೆಕೆ ನಿಜವಾಗಿಯೂ ನಿದ್ದೆ ಕೆಡಿಸುತ್ತಿದೆ.

ಮಾಳಿಗೆಗೆ ಈಗ ಬೇಡ. ಹಗಲಿನಲ್ಲಿ ಮೆಟ್ಟಿಲು ಹತ್ತುವುದನ್ನು ಫಿಸಿಯೋಥೆರಪಿಯವರು (ವ್ಯಾಯಾಮ ಚಿಕಿತ್ಸಕರು) ಕಲಿಸಿರಬಹುದು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಆದರೆ ರಾತ್ರಿ ಮೂತ್ರಕ್ಕೆಂದು ನಿದ್ದೆಗಣ್ಣಿನಲ್ಲಿ, ಕೈಹಿಡಿ ಇಲ್ಲದ ಮೆಟ್ಟಿಲು ಇಳಿಯುವುದು ಬೇರೆಯೇ ಮಾತು. ಹೊಸ ಕೀಲಿನ ಪಕ್ಕದ ಎಲುಬು ಮುರಿದರೆ ಮತ್ತೆ ದೊಡ್ಡ ಆಪರೇಷನ್. ಈ ಒಂದು ಬೇಸಿಗೆ ಅವರು ಕೆಳಗೇ ಇರಲಿ, ಮನೆಯವರಲ್ಲಿ ಒಬ್ಬರು ಜೊತೆಗಿರಿ.

ಅಂಗಳ ಒಳ್ಳೆಯದೇ, ತೊಂದರೆ ಇರುವುದು ಹೊರಸಿನಲ್ಲಿ. ಹಗ್ಗದ ಹೊರಸು ನಡುವೆ ಜಗ್ಗುತ್ತದೆ. ಸೊಂಟ ಕೆಳಗಿಳಿದು ಮೊಣಕಾಲು ರಾತ್ರಿಯೆಲ್ಲ ಮಡಚಿಕೊಂಡೇ ಇರುತ್ತದೆ, ಬೆಳಗಿನ ನೋವು ಅದರದೇ. ಎತ್ತರವೂ ಕಡಿಮೆ, ಏಳುವಾಗ ಪೂರಾ ಭಾರ ಮೊಣಕಾಲಿನ ಮೇಲೆ. ಹಲಗೆಯ ಮಂಚವಿದ್ದರೆ ಅಂಗಳಕ್ಕೆ ತನ್ನಿ. ಇಲ್ಲದಿದ್ದರೆ ಹೊರಸಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಅಲುಗಾಡದಂತೆ ನೋಡಿಕೊಂಡು, ಮೇಲೆ ಹಲಗೆ ಹಾಸಿ ಎರಡು ಕೌದಿ ಮಡಚಿ ಹಾಕಿ. ಅಂಚಿಗೆ ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೇರಬಾರದು. ಸೊಳ್ಳೆ ಪರದೆ ಕಟ್ಟಿ, ಆದರೆ ಅದರ ಅಂಚು ಕಾಲಿಗೆ ತೊಡರದಂತೆ ಹಾಸಿಗೆಯ ಕೆಳಗೆ ಸಿಗಿಸಿ. ವಾಕರ್ ಕೈಗೆಟುಕುವಲ್ಲಿರಲಿ, ಬಚ್ಚಲಿನ ದಾರಿಗೆ ಸಣ್ಣ ದೀಪವಿರಲಿ, ಕರೆಂಟು ಹೋದರೆ ಎಂದು ದಿಂಬಿನ ಪಕ್ಕ ಟಾರ್ಚ್ ಇರಲಿ. ನೆಲದ ಮೇಲೆ ಚಾಪೆ ಹಾಸಿ ಮಲಗುವುದನ್ನು ಸರ್ಜನ್ ಹೇಳುವವರೆಗೆ ಬಿಡಿ. ಮಲಗುವುದು ಸುಲಭ, ಏಳುವುದೇ ಕಷ್ಟ.

ಬಿಸಿಲಿನ ಮಧ್ಯಾಹ್ನ ಉಂಡು ಮೂರು ಗಂಟೆ ಮಲಗುವ ರೂಢಿ ಇದೆಯೇ? ಇದ್ದರೆ ಅರ್ಧ ಗಂಟೆಗೆ ಇಳಿಸಿ, ಅದೂ ಮೂರು ಗಂಟೆಯೊಳಗೆ ಮುಗಿಯಲಿ. ಸಂಜೆ ನಾಲ್ಕರ ಮೇಲೆ ಚಹಾ ನಿಲ್ಲಿಸಿ. ಮಲಗುವ ಮುಂಚೆ ಗಾಯ ಬಿಟ್ಟು ಮೈ ಒರೆಸಿ. ನೀರನ್ನು ಹಗಲೇ ಚೆನ್ನಾಗಿ ಕುಡಿಸಿ, ರಾತ್ರಿ ಕಡಿಮೆ ಮಾಡಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ಇದ್ದರೆ ಅದನ್ನು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

“ತಂದೆಗೆ 70. ಆಪರೇಷನ್ ಆದ ಮೂರನೇ ರಾತ್ರಿ ಯಾರನ್ನೂ ಗುರುತಿಸಲಿಲ್ಲ. ಗೋಡೆ ಮೇಲೆ ಹಾವು ಇದೆ ಎಂದರು, ಪಟ್ಟಿ ಕಿತ್ತುಕೊಳ್ಳಲು ಹೋದರು, ಕೈ ನಡುಗುತ್ತಿತ್ತು. ನಾಲ್ಕು ದಿನಕ್ಕೆ ಸರಿಯಾದರು. ಈಗ ಮನೆಯಲ್ಲಿ ಹಗಲು ನಿದ್ದೆ, ರಾತ್ರಿ ಎಚ್ಚರ. ತಲೆ ಕೆಟ್ಟಿತೇ ಎಂದು ಭಯ. ಹೇಳಲು ನಾಚಿಕೆ, ದಿನಾ ಸಂಜೆ ಸೇಂದಿ ಕುಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ನಾವು ಹೇಳಲಿಲ್ಲ.”
– ದೇವದುರ್ಗದ ಓದುಗರು

ನಿಮ್ಮ ತಂದೆಯ ತಲೆ ಕೆಟ್ಟಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆ ರಾತ್ರಿ ಅವರಿಗೆ ಆದದ್ದಕ್ಕೆ ಡೆಲಿರಿಯಮ್ ಎನ್ನುತ್ತೇವೆ, ಹಳಬರು ಸನ್ನಿ ಎನ್ನುತ್ತಿದ್ದುದು ಇದನ್ನೇ (ದಿಢೀರನೆ ಬಂದು ಏರಿಳಿಯುವ ಬುದ್ಧಿಭ್ರಮೆ). ದೊಡ್ಡ ಆಪರೇಷನ್ ಆದ ಹಿರಿಯರಲ್ಲಿ ಇದು ಅಪರೂಪವಲ್ಲ. ನೋವು, ಬಲವಾದ ನೋವಿನ ಔಷಧ, ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮೂತ್ರ ಕಟ್ಟುವುದು, ಹೊಸ ಜಾಗ, ಕೆಟ್ಟ ನಿದ್ದೆ, ಯಾವುದೂ ಕಾರಣವಾಗಬಹುದು. ಆಪರೇಷನ್ ನಂತರದ ಮೊದಲ ರಾತ್ರಿಗಳಲ್ಲಿ ರೆಮ್ ನಿದ್ದೆ (ಕಣ್ಣುಗುಡ್ಡೆ ಚುರುಕಾಗಿ ಚಲಿಸುವ, ಕನಸು ಹೆಚ್ಚು ಬೀಳುವ ಹಂತ) ಬಹುತೇಕ ಇಲ್ಲವಾಗುತ್ತದೆ. ಎರಡು ಮೂರು ದಿನದ ಮೇಲೆ ಅದು ಒಮ್ಮೆಲೇ ಹೆಚ್ಚಾಗಿ ಮರಳುತ್ತದೆ. ಆಗ ಕೆಟ್ಟ ಕನಸುಗಳು ಹಲವರಿಗೆ ಬೀಳುತ್ತವೆ.

ನಿಮ್ಮ ತಂದೆಯ ವಿಷಯದಲ್ಲಿ ಸೇಂದಿಯನ್ನೂ ಸೇರಿಸಿ ಯೋಚಿಸಬೇಕು. ನಮ್ಮ ಜಿಲ್ಲೆಯಲ್ಲಿ ಕದ್ದು ಮಾರುವ ಸೇಂದಿ ಮರದಿಂದ ಇಳಿಸಿದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಬೆರೆಸುವ ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್ (ಮಂಪರು ತರಿಸುವ ರಾಸಾಯನಿಕ). ಅದನ್ನು ವರ್ಷಗಟ್ಟಲೆ ಕುಡಿದವರ ಮಿದುಳು ಮಂಪರಿಗೆ ಒಗ್ಗಿಹೋಗಿರುತ್ತದೆ. ಆಸ್ಪತ್ರೆಗೆ ಸೇರಿ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ಕೈನಡುಕ, ಬೆವರು, ನಿದ್ದೆಗೇಡು, ಇಲ್ಲದ್ದು ಕಾಣುವುದು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಸಾರಾಯಿ, ಬ್ರಾಂದಿ ಕುಡಿಯುವವರಿಗೂ ಹೀಗೆಯೇ. ಇದು ಜೀವಕ್ಕೆ ಅಪಾಯ ತರಬಲ್ಲದು. ಮುಂಚೆ ಗೊತ್ತಿದ್ದರೆ ವೈದ್ಯರು ಔಷಧ ಕೊಟ್ಟು ಹಂತಹಂತವಾಗಿ ಇಳಿಸಿಕೊಳ್ಳುತ್ತಾರೆ. ಆದ್ದರಿಂದ ಮುಂದೆ ಯಾವ ಆಪರೇಷನ್ ಇದ್ದರೂ ಅರಿವಳಿಕೆ ವೈದ್ಯರ (ಅನಸ್ತೇಶಿಯಾ ಕೊಡುವವರ) ಮುಂದೆ ಇದನ್ನು ಬಾಯಿಬಿಟ್ಟು ಹೇಳಿ. ಅವರು ಕೇಳುವುದು ಚಿಕಿತ್ಸೆಗೆ, ಮಾನ ಕಳೆಯುವುದಕ್ಕಲ್ಲ.

ಈಗಿನ ಹಗಲು ರಾತ್ರಿ ಅದಲುಬದಲಾದದ್ದು ಒಂದೆರಡು ವಾರದಲ್ಲಿ ತಿದ್ದಬಹುದಾದ ವಿಷಯ. ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ, ಮುಖ ತೊಳೆಸಿ, ಎಳೆಬಿಸಿಲಿಗೆ ಕಟ್ಟೆಯ ಮೇಲಲ್ಲ, ಎತ್ತರದ ಕುರ್ಚಿಯ ಮೇಲೆ ಕೂರಿಸಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಗಲೆಲ್ಲ ಹಾಕಿರಲಿ. ಬಂದು ಹೋಗುವವರ ಜೊತೆ ಮಾತಾಡಲಿ, ವ್ಯಾಯಾಮ ಬೆಳಿಗ್ಗೆ ಮತ್ತು ಇಳಿಹೊತ್ತಿಗೆ ಆಗಲಿ, ಮಲಗುವ ಹೊತ್ತಿಗೆ ಬೇಡ. ರಾತ್ರಿ ಮಂದ ದೀಪವಿಡಿ. ಗೊಂದಲವಾದರೆ ವಾದಿಸಬೇಡಿ. “ನಾನಿದ್ದೇನೆ, ನಮ್ಮ ಮನೆಯಲ್ಲೇ ಇದ್ದೀಯಪ್ಪ” ಎಂದು ಕೈ ಹಿಡಿದು ಹೇಳಿ. ಬುದ್ಧಿಭ್ರಮೆ ಮತ್ತೆ ಬಂದರೆ, ಜ್ವರವಿದ್ದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನಿದ್ದೆ ಬರಲೆಂದು ಮತ್ತೆ ಸೇಂದಿ ತಂದು ಕೊಡುವ ಯೋಚನೆ ಮನೆಯಲ್ಲಿ ಯಾರಿಗಾದರೂ ಬಂದರೆ ತಡೆಯಿರಿ. ನೋವಿನ ಬಲವಾದ ಮಾತ್ರೆಯ ಜೊತೆ ಅದು ಸೇರಿದರೆ ಉಸಿರೇ ಕುಗ್ಗಬಹುದು. ಇಷ್ಟು ದಿನ ಕುಡಿಯದೆ ಕಳೆದಿದ್ದಾರೆ, ಪೂರ್ತಿ ಬಿಡಲು ಇದೇ ಸರಿಯಾದ ಸಮಯ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಐವತ್ತು ಕಿಲೋಮೀಟರ್ ಮೀರಿದ ದಾರಿ ಈಗಲೇ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

“ಅಮ್ಮ ನಿದ್ದೆ ಇಲ್ಲ ಎಂದು ಅಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೇಳಿ ಆಲ್ಪ್ರಜೊಲಾಂ ತಂದೆ. ಮೂರು ವಾರದಿಂದ ಚೆನ್ನಾಗಿ ಮಲಗುತ್ತಿದ್ದಾರೆ. ಮುಂದುವರಿಸಲೇ?”
– ರಾಯಚೂರು ನಗರದ ಓದುಗರು

ಅಮ್ಮ ಅಳುವುದನ್ನು ನೋಡಲಾಗದೆ ತಂದಿರಿ, ಆ ಸಂಕಟ ಅರ್ಥವಾಗುತ್ತದೆ. ಆದರೆ ಹೀಗೆಯೇ ಮುಂದುವರಿಸಬೇಡಿ. ಇವತ್ತೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಮೂರು ವಾರ ನುಂಗಿದ್ದನ್ನು ದಿಢೀರನೆ ಬಿಟ್ಟರೆ ನಿದ್ದೆ ಇನ್ನಷ್ಟು ಕೆಡುತ್ತದೆ, ಗಾಬರಿ ಹೆಚ್ಚುತ್ತದೆ. ಈ ವಾರವೇ ವೈದ್ಯರಿಗೆ ತೋರಿಸಿ, ಅವರು ಪ್ರಮಾಣ ಇಳಿಸುತ್ತ ಬಿಡಿಸುತ್ತಾರೆ.

ಆಲ್ಪ್ರಜೊಲಾಂನಂಥ ಮಂಪರು ಮಾತ್ರೆಗಳು ವಯಸ್ಸಾದವರ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತವೆ. ನಡುರಾತ್ರಿ ಎದ್ದಾಗ ತೂಕಡಿಕೆ, ತೂರಾಟ, ಮರೆವು ಇರುತ್ತವೆ. ಇನ್ನೂ ಗಟ್ಟಿಯಾಗದ ಕಾಲಿನಲ್ಲಿ ಬೀಳಲು ಅಷ್ಟು ಸಾಕು. ಟ್ರಮಡಾಲ್ ಅಥವಾ ನರನೋವಿಗೆ ಕೊಡುವ ಪ್ರೀಗ್ಯಾಬಲಿನ್ ಜೊತೆ ಸೇರಿದರೆ ಉಸಿರಾಟ ಮಂದವಾಗುವ ಅಪಾಯವೂ ಇದೆ. ಆಲ್ಪ್ರಜೊಲಾಂ ಎಚ್‌1 ಪಟ್ಟಿಯ ಔಷಧ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬ ನಿಯಮ ಇರುವುದೇ ಈ ಕಾರಣಕ್ಕೆ. ನಿದ್ದೆ ಬರಲೆಂದು ಶೀತದ ಮಾತ್ರೆ, ಕೆಮ್ಮಿನ ಸಿರಪ್ ಕೊಡುವವರೂ ಇದ್ದಾರೆ. ಅವು ಹಿರಿಯರಿಗೆ ಮೂತ್ರ ಕಟ್ಟಿಸುತ್ತವೆ, ಗೊಂದಲ ತರುತ್ತವೆ. ಬೇಡ.

ಅಮ್ಮ ಹಗಲೂ ಅಳುತ್ತಾರೆಯೇ, ಊಟ ಸೇರುವುದಿಲ್ಲವೇ, ಎಲ್ಲರಿಗೂ ಹೊರೆಯಾದೆ ಎನ್ನುತ್ತಾರೆಯೇ ಎಂದು ಗಮನಿಸಿ. ಹೌದಾದರೆ ನಿದ್ದೆಗೇಡಿನ ಹಿಂದೆ ಖಿನ್ನತೆ (ಮನಸ್ಸು ಕುಗ್ಗುವ ಕಾಯಿಲೆ) ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಚೆನ್ನಾಗಿ ಗುಣವಾಗುತ್ತದೆ.

“ನನಗೆ ಹಾಕಿದ ಕೀಲಿನ ಬೆಲೆ ಕಡಿಮೆ ಇತ್ತು. ಸಂಬಂಧಿಕರು ಅದಕ್ಕೇ ರಾತ್ರಿ ನೋವು ಎನ್ನುತ್ತಾರೆ. ಕಬ್ಬಿಣ ಮೈಗೆ ಹಿಡಿಸಲಿಲ್ಲವೇ?”
– ದೇವದುರ್ಗ ತಾಲ್ಲೂಕಿನ ಓದುಗರು

ಬೆಲೆ ಕಡಿಮೆಯಾದದ್ದು ಗುಣ ಇಳಿದದ್ದಕ್ಕಲ್ಲ, ಸರ್ಕಾರ ಮಿತಿ ಹಾಕಿದ್ದಕ್ಕೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಮೊಣಕಾಲಿನ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಅದಕ್ಕೂ ಮುಂಚೆ ಅದೇ ಕೀಲಿಗೆ ಜನ ಬಹಳ ಹೆಚ್ಚು ತೆರುತ್ತಿದ್ದರು.

ನಿಮ್ಮೊಳಗಿರುವುದು ಕಬ್ಬಿಣವಲ್ಲ, ತುಕ್ಕು ಹಿಡಿಯದ ಮಿಶ್ರಲೋಹ, ನಡುವೆ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ನರವಿಲ್ಲ, ನೋಯುವುದು ಅದರ ಸುತ್ತ ಮಾಯುತ್ತಿರುವ ನಿಮ್ಮದೇ ಮಾಂಸ. ಗಾಯದ ಹೊರಮಗ್ಗುಲು ಜೋಮು ಹಿಡಿದಂತಿರುವುದು, ಮಡಚಿದಾಗ ಟಕ್ ಎನ್ನುವುದು, ಕೆಲವು ತಿಂಗಳು ಮೊಣಕಾಲು ಬೆಚ್ಚಗಿರುವುದು ಸಹಜ. ಲೋಹದ ಅಲರ್ಜಿ ಇದೆ, ಆದರೆ ತೀರಾ ವಿರಳ. ಆರು ತಿಂಗಳು ಕಳೆದ ಮೇಲೂ ರಾತ್ರಿ ನೋವು ಇಳಿಯದಿದ್ದರೆ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಮಾಡಿಸಿ.

“ಯಜಮಾನರಿಗೆ ಒಂದು ಮೊಣಕಾಲು ಆಗಿದೆ, ಇನ್ನೊಂದು ಬಾಕಿ. ಅವರು ದಪ್ಪ, ಗೊರಕೆ ಜೋರು. ಗೊರಕೆ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಾರೆ. ಕಾಲಿನ ನೋವಿಗೆ ಎಚ್ಚರವಾಯಿತು ಎನ್ನುತ್ತಾರೆ. ಎರಡನೇ ಆಪರೇಷನ್ ಮಾಡಿಸಲು ನನಗೆ ಅಂಜಿಕೆ.”
– ಮಾನ್ವಿಯ ಓದುಗರು

ನೀವು ಗಮನಿಸಿದ್ದು ಬಹಳ ಮುಖ್ಯವಾದದ್ದು. ಇದು ಮೊಣಕಾಲಿನ ಎಚ್ಚರವಲ್ಲದಿರಬಹುದು. ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಕುಸಿದು ಉಸಿರು ಆಗಾಗ ನಿಲ್ಲುವ ತೊಂದರೆ) ಇದ್ದವರು ಹೀಗೆಯೇ ಏಳುತ್ತಾರೆ. ಅವರಿಗೆ ಗಂಟಲಿನ ಸುದ್ದಿ ಗೊತ್ತಾಗುವುದಿಲ್ಲ, ಎದ್ದಾಗ ಕಾಲು ನೋಯುವುದಷ್ಟೇ ತಿಳಿಯುತ್ತದೆ. ಹಗಲು ಕೂತಲ್ಲೇ ತೂಕಡಿಸುತ್ತಾರೆಯೇ, ಬೆಳಿಗ್ಗೆ ತಲೆನೋವು ಇದೆಯೇ, ಬಿಪಿ ಇದೆಯೇ ನೋಡಿ.

ಎರಡನೇ ಆಪರೇಷನ್ ಕೈಬಿಡಬೇಕಿಲ್ಲ, ಅದಕ್ಕೆ ಮುಂಚೆ ಇದನ್ನು ಪರೀಕ್ಷಿಸಿದರಾಯಿತು. ರಾತ್ರಿ ಅವರು ಗೊರಕೆ ಹೊಡೆದು ಉಸಿರು ನಿಲ್ಲಿಸುವುದನ್ನು ನಿಮ್ಮ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ, ನಿದ್ದೆಯ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಅವರೇ ತಿಳಿಸುತ್ತಾರೆ. ತೊಂದರೆ ಖಚಿತವಾದರೆ ಸಿಪ್ಯಾಪ್ (ಮೂಗಿನ ಮೇಲೆ ಮುಖವಾಡವಿಟ್ಟು ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಯಂತ್ರ) ಕೊಡುತ್ತಾರೆ. ಮೊದಮೊದಲು ಮುಖವಾಡ ಕಿರಿಕಿರಿ ಎನ್ನುತ್ತಾರೆ, ಆಪರೇಷನ್‌ಗೆ ಕೆಲವು ವಾರ ಮುಂಚೆಯೇ ಶುರುಮಾಡಿದರೆ ಒಗ್ಗುತ್ತದೆ. ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸಿದರೆ ಬೆನ್ನಿಗೆ ಕೊಡುವ ಅರಿವಳಿಕೆಯನ್ನು ಆರಿಸಿಕೊಳ್ಳಬಹುದು, ಉಸಿರು ಕುಗ್ಗಿಸುವ ನೋವಿನ ಔಷಧವನ್ನು ಕಡಿಮೆ ಮಾಡಬಹುದು. ಆಸ್ಪತ್ರೆಗೆ ಸೇರುವ ದಿನ ಬಟ್ಟೆಬರೆಯ ಚೀಲದ ಜೊತೆ ಆ ಯಂತ್ರವನ್ನೂ ಒಯ್ಯಿರಿ. ಮೊದಲ ರಾತ್ರಿಯಿಂದಲೇ ಅವರು ಅದನ್ನು ಹಾಕಿಕೊಂಡು ಮಲಗಲಿ.